ಕೀಲು ಮುರಿದ ಸೂಟ್‌ಕೇಸು

ವಿನೋಬನಗರ, ದಾವಣಗೆರೆ
6-1-2025

ಭಾಗ್ಯಲಕ್ಷ್ಮಿಗೆ,

ನಿನ್ನ ಅಣ್ಣ ಅಶ್ವಥ್ ಬೆಳಿಗ್ಗೆ ಆಟೋದಲ್ಲಿ ಬಂದು ಸೂಟ್‌ಕೇಸನ್ನು ಹೊಸ್ತಿಲ ಮೇಲಿಟ್ಟು ಹೋದ. ಒಳಗೆ ಬಾ ಅಂತ ನಾನೂ ಕರೆಯಲಿಲ್ಲ, ನೀರು ಕೊಡಿ ಅಂತ ಅವನೂ ಕೇಳಲಿಲ್ಲ. "ಭಾಗ್ಯ ಕೊಟ್ಟು ಕಳ್ಸ್ಯಾಳೆ. ಕೀಲು ಮುರದೈತೆ, ನೀವೇ ರಿಪೇರಿ ಮಾಡ್ಬೇಕಂತೆ" ಅಂದ. "ಯಾಕ, ಹರಿಹರದಾಗೆ ರಿಪೇರಿ ಮಾಡೋರೆಲ್ಲ ಸತ್ತೋಗ್ಯಾರಾ?" ಅಂದೆ. ಅವನು ಆಟೋ ತಿರುಗಿಸಿಕೊಂಡು ಹೋದ.

ಸೊಸೆಯ ಜೊತೆ ಇನ್ನು ಬಾಯಿಬಿಟ್ಟು ಮಾತಾಡುವುದಿಲ್ಲ ಅಂತ ಊರದೇವತೆ ದುಗ್ಗಮ್ಮನ ಮೇಲೆ ಆಣೆ ಇಟ್ಟು ಮೂರು ವರ್ಷ ಆಯಿತು. ಸಿದ್ದೇಶನ ಹನ್ನೊಂದನೇ ದಿನ ಇಡೀ ಓಣಿಯ ಮುಂದೆ ಇಟ್ಟ ಆಣೆ. ನನ್ನ ಮಗನನ್ನು ಹೂವು ತರಲು ಕಳಿಸಿ ಕೊಂದಳು ಅಂತ ಅಂದದ್ದೂ ಅವತ್ತೇ. ಆಣೆ ಮುರಿಯುವವಳು ನಾನಲ್ಲ. ಆದರೆ ಬರೆಯುವುದಿಲ್ಲ ಅಂತ ಆಣೆ ಇಟ್ಟಿಲ್ಲ. ಅದಕ್ಕೇ ಈ ಕಾಗದ. ಫೋನ್ ಮಾಡಬೇಡ, ಎತ್ತುವುದಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬರಹ ಇದು, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಸೂಟ್‌ಕೇಸನ್ನು ಏನು ಗತಿ ಮಾಡಿದ್ದೀಯ? ಎಪ್ಪತ್ತೆಂಟನೇ ಇಸವಿಯಲ್ಲಿ ನಮ್ಮ ಮದುವೆಗೆ ನಿನ್ನ ಮಾವ ತಂದದ್ದು ಅದು. ಪ್ಲೈವುಡ್ಡಿನ ಮೈ, ಕಂದು ರೆಕ್ಸಿನ್, ಹಿತ್ತಾಳೆ ಚಿಲಕ. ಮೂವತ್ತೈದು ವರ್ಷ ಅದರ ಮೇಲೆ ಒಂದು ಗೆರೆ ಬೀಳಗೊಡಲಿಲ್ಲ ನಾನು. ನಿನ್ನ ಮದುವೆಗೆ ಸೀರೆ ತುಂಬಿ ನಿಮ್ಮ ಮನೆಗೆ ತಂದದ್ದೂ ಅದರಲ್ಲೇ. ಮುಚ್ಚಳದ ಮೇಲೆ 'ಪರಶುರಾಮ – ದುರುಗಮ್ಮ' ಅಂತ ಇದ್ದುದರ ಕೆಳಗೆ 'ಸಿದ್ದೇಶ್ – ಭಾಗ್ಯಲಕ್ಷ್ಮಿ' ಅಂತ ಪೇಂಟರ್ ಬೋರಣ್ಣನ ಕೈಲಿ ಬರೆಸಿದ್ದೆ. ಈಗ ತೆಗೆದರೆ ಒಳಗೆ ಅಂಟಿಸಿದ್ದ ಬಟ್ಟೆ ಕೊಳೆತಿದೆ, ಬೂಷ್ಟು ಹಿಡಿದಿದೆ, ಇಲಿ ಸತ್ತ ವಾಸನೆ.

ಇನ್ನೊಂದು ಮಾತು. ತುಕ್ಕು ಹಿಡಿದು ಹೋದ ಕೀಲು ಬೇರೆ, ಹೊಡೆದು ಮುರಿದ ಕೀಲು ಬೇರೆ. ಮೂವತ್ತು ವರ್ಷ ಹಳೇ ಬಸ್ ಸ್ಟ್ಯಾಂಡಿನ ಬ್ಯಾಗ್ ಅಂಗಡಿಗೆ ಒಳಬಟ್ಟೆ ಹೊಲಿದುಕೊಟ್ಟವಳಿಗೆ ಅಷ್ಟೂ ತಿಳಿಯುವುದಿಲ್ಲವಾ? ಯಾರೋ ಕಲ್ಲಿನಿಂದ ಹೊಡೆದಿದ್ದಾರೆ. ಸಿಟ್ಟಿದ್ದರೆ ನನ್ನ ಮೇಲೆ ಇರಲಿ, ಪೆಟ್ಟಿಗೆ ಏನು ಮಾಡಿತ್ತು?

ಮೂರು ವರ್ಷ ನೆನಪಿಗೆ ಬಾರದ ಸೂಟ್‌ಕೇಸು ಈಗ ಯಾಕೆ ಬೇಕಾಯಿತು? ಎಲ್ಲಿಗೆ ಹೊರಟಿದ್ದೀಯ?

ದುರುಗಮ್ಮ


ಹರಿಹರ
11-1-2025

ಅತ್ತೆಯವರಿಗೆ ಭಾಗ್ಯಳ ನಮಸ್ಕಾರಗಳು.

ನಿಮ್ಮ ಅಕ್ಷರ ಕಂಡು ಒಳಗೆ ಹೋಗುವಷ್ಟೂ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಂತು ಒಡೆದು ಓದಿದೆ. ಬೈದಿದ್ದೀರಿ. ಎರಡು ಸಲ ಓದಿದೆ. ಅತ್ತಿಗೆ ಒಳಗಿನಿಂದ "ಯಾರ್ದು ಕಾಗ್ದ? ಯಾಕ ಒಬ್ಳೇ ನಗ್ತೀಯ?" ಎಂದಳು. ನಗುತ್ತಿದ್ದೆ ಎನ್ನುವುದು ನನಗೇ ತಿಳಿದಿರಲಿಲ್ಲ.

ಶ್ರಾವಣದಲ್ಲಿ ಹೊಳೆ ತುಂಬಿ ನಮ್ಮ ಓಣಿಗೂ ನೀರು ಬಂತು. ಸೂಟ್‌ಕೇಸು ಮಂಚದ ಕೆಳಗಿತ್ತು. ನಾನು ನೋಡುವಷ್ಟರಲ್ಲಿ ತಳ ನೆನೆದಿತ್ತು. ತಪ್ಪು ನನ್ನದೇ. ಕೀಲಿನ ವಿಷಯ ನೀವು ಹೇಳಿದ್ದು ಸರಿ. ಹೇಗೆ ಮುರಿಯಿತೆಂದು ಮುಂದೆ ಎಂದಾದರೂ ಹೇಳುತ್ತೇನೆ.

ಎಲ್ಲಿಗೆ ಹೊರಟಿದ್ದೀಯ ಎಂದು ಕೇಳಿದ್ದೀರಿ. ಸದ್ಯಕ್ಕೆ ಎಲ್ಲಿಗೂ ಇಲ್ಲ. ಹೋಗಬೇಕೆನಿಸುವ ಊರು ನನಗೆ ಒಂದೇ. ಅಲ್ಲಿಂದ ಕರೆ ಬರಬೇಕು, ಅಷ್ಟೇ.

ಎಣ್ಣೆ ಡಬ್ಬದಲ್ಲಿ ನಾನು ಹಾಕಿದ್ದ ಕರಿಬೇವು ಚಿಗುರಿದೆಯೇ? ನಿಮ್ಮ ಮೊಣಕಾಲು ಹೇಗಿದೆ? ಕಿಟಕಿ ಪಕ್ಕದ ನಮ್ಮ ಮಂಚ ಹಾಗೇ ಇದೆಯೇ, ಯಾರಿಗಾದರೂ ಕೊಟ್ಟಿರಾ? ರಿಪೇರಿ ಮುಗಿದ ಮೇಲೆ ಅಣ್ಣನನ್ನು ಕಳಿಸಲೇ, ನಾನೇ ಬರಲೇ?

ನಿಮ್ಮ
ಭಾಗ್ಯ


ದಾವಣಗೆರೆ
20-1-2025

ಭಾಗ್ಯಲಕ್ಷ್ಮಿಗೆ,

ಹದಿನಾಲ್ಕು ಕಿಲೋಮೀಟರ್ ದಾಟಲು ನಿನ್ನ ಕಾಗದಕ್ಕೆ ನಾಲ್ಕು ದಿನ ಬೇಕಾಯಿತು. ಕುಂಟುತ್ತಾ ನಡೆದರೂ ನಾನು ಅರ್ಧ ದಿನದಲ್ಲಿ ಬರುತ್ತಿದ್ದೆ.

ಕರಿಬೇವು ಬದುಕಿದೆ. ನೀರು ಹಾಕದೆ ಕೊಲ್ಲುವವಳಾ ನಾನು? ಮೊಣಕಾಲು ಇದ್ದ ಹಾಗೇ ಇದೆ. ಮಂಚದ ಮೇಲೆ ಅಂಗಡಿಯ ಬ್ಯಾಗುಗಳನ್ನು ಒಟ್ಟಿದ್ದೇನೆ.

ಮೊನ್ನೆ ಪಕ್ಕದ ಮನೆ ಓಬಕ್ಕ ಬಂದಿದ್ದಳು. ಅವಳ ಮಗಳನ್ನು ನಿಮ್ಮ ಊರಿಗೇ ಕೊಟ್ಟಿದೆಯಲ್ಲ, ಹರಿಹರದಲ್ಲಿ ಸಾಸಿವೆ ಸಿಡಿದರೂ ಅವಳಿಗೆ ಕೇಳಿಸುತ್ತದೆ. "ದುರುಗಕ್ಕ, ನಿನ್ ಸೊಸೆನ ನೋಡಾಕೆ ಸಾರಥಿ ಊರಿಂದ ಬಂದಿದ್ರಂತೆ. ಹೆಂಡ್ತಿ ಹೋದೋನಂತೆ, ಒಂದು ಹೆಣ್ಮಗು ಐತಂತೆ. ನಿಂಗೆ ಹೇಳಿಲ್ವಾ?" ಅಂದಳು. "ನೋಡ್ಲಿ ಬಿಡು, ಬಸ್ ಸ್ಟ್ಯಾಂಡಾಗೆ ನಿಂತ್ರೆ ನೂರು ಜನ ನೋಡ್ತಾರೆ" ಅಂದೆ. ಅವಳು ಚಹಾ ಕುಡಿಯದೆ ಎದ್ದು ಹೋದಳು. ಹೋಗಲಿ, ಸಕ್ಕರೆ ಉಳಿಯಿತು.

ಹೋಗಬೇಕೆನಿಸುವ ಊರು ಒಂದೇ ಅಂತ ಬರೆದಿದ್ದೆಯಲ್ಲ, ಅದು ಯಾವ ಊರು ಅಂತ ಈಗ ತಿಳಿಯಿತು. ಸೂಟ್‌ಕೇಸು ಯಾಕೆ ಬೇಕು ಅಂತಲೂ ತಿಳಿಯಿತು. ನೇರವಾಗಿ ಹೇಳಿದ್ದರೆ ನಿನ್ನ ಪೆನ್ನು ಸವೆಯುತ್ತಿತ್ತಾ?

ನೀನು ಬರುವುದು ಬೇಡ. ಬಂದರೆ ನಾನು ಮಾತಾಡುವ ಹಾಗಿಲ್ಲ. ಇಬ್ಬರೂ ಮೂಗಿಯರ ಹಾಗೆ ಎದುರುಬದುರು ಕೂತರೆ ಓಬಕ್ಕನಿಗೆ ವರ್ಷಕ್ಕಾಗುವಷ್ಟು ಸುದ್ದಿ. ಅಣ್ಣನನ್ನೇ ಕಳಿಸು.

ದುರುಗಮ್ಮ


ಹರಿಹರ
27-1-2025

ಅತ್ತೆಯವರಿಗೆ ನಮಸ್ಕಾರಗಳು.

ಸಾರಥಿಯವರು ಬಂದದ್ದು ನಿಜ. ಅವರ ಹೆಸರು ಹಾಲೇಶಪ್ಪ. ಹೊಲ ಮಾಡಿಕೊಂಡಿದ್ದಾರೆ. ಮಗಳು ತನುಶ್ರೀಗೆ ಏಳು ವರ್ಷ. ಮಾತು ತಂದದ್ದು ಅಣ್ಣ. ಅವನದೂ ತಪ್ಪಲ್ಲ, ಅವನಿಗೂ ಮನೆಯಲ್ಲಿ ಮೂರು ಮಕ್ಕಳು. ತಂಗಿ ಎಷ್ಟು ದಿನ ಹೀಗೇ ಇರಬೇಕೆಂದು ಅವನ ಚಿಂತೆ.

ನಾನು ಹೂಂ ಎಂದಿಲ್ಲ, ಊಹೂಂ ಎಂದೂ ಅಂದಿಲ್ಲ. "ನಮ್ಮತ್ತೆನ ಕೇಳ್ದೆ ನಾನು ಏನೂ ಹೇಳಲ್ಲ" ಎಂದೆ. ಅಣ್ಣನಿಗೆ ಸಿಟ್ಟು ಬಂತು. "ಕರ್ಮದ ದಿನ ಹೊರಗೆ ಹಾಕಿದೋರು ಎಲ್ಲಿ ಅತ್ತೆ? ಅವ್ರಿಗೂ ನಿಂಗೂ ಏನೈತೆ ಈಗ?" ಎಂದ. ಆ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ.

ನೀವು ಏನು ಹೇಳುತ್ತೀರೋ ಹಾಗೆ. ಬೇಡ ಎಂದರೆ ಬೇಡ. ನಿಮ್ಮ ಮಾತಿಗೆ ಕಾಯುತ್ತಿದ್ದೇನೆ, ಅತ್ತೆ.

ಸೂಟ್‌ಕೇಸಿಗೆ ಅವಸರವಿಲ್ಲ.

ನಿಮ್ಮ
ಭಾಗ್ಯ


ದಾವಣಗೆರೆ
5-2-2025

ಭಾಗ್ಯಲಕ್ಷ್ಮಿಗೆ,

ಕೇಳುವುದೇನಿದೆ? ಮಾಡಿಕೋ.

ನಿನಗೆ ಮೂವತ್ನಾಲ್ಕು ವರ್ಷ. ನನಗೆ ಗಂಡ ಹೋದಾಗ ಎದೆಯೆತ್ತರದ ಮಗನಿದ್ದ, ನಿನಗೆ ಅದೂ ಇಲ್ಲ. ನನ್ನ ಅಪ್ಪಣೆ ಯಾಕೆ ಬೇಕು? ನಾನು ಬೇಡ ಅಂದರೆ ನಾಳೆ ನಿಮ್ಮ ಅಣ್ಣ, ಮುದುಕಿ ತಾನೂ ಬಾಳಲಿಲ್ಲ, ಬಾಳುವವರನ್ನೂ ಬಿಡಲಿಲ್ಲ ಅನ್ನುತ್ತಾನೆ. ಅನ್ನಿಸಿಕೊಳ್ಳುವುದು ನನಗೆ ಹೊಸದಲ್ಲ. ಆದರೂ ಮಾಡಿಕೋ.

ಸೂಟ್‌ಕೇಸಿಗೆ ಅವಸರ ಇಲ್ಲ ಅಂದರೆ ಆಗುತ್ತದಾ? ಮದುವೆ ಮಾತು ಬಂದ ಮೇಲೆ ಎಲ್ಲಕ್ಕೂ ಅವಸರವೇ. ಒಳಬಟ್ಟೆ ಪೂರಾ ಕಿತ್ತೆ. ವಿನಿಗರ್ ನೀರಲ್ಲಿ ಒರೆಸಿ ನಾಲ್ಕು ದಿನ ಬಿಸಿಲಿಗೆ ಬಾಯಿ ತೆರೆದಿಟ್ಟೆ. ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದರೆ ಬಂಗಾರದ ಹಾಗೆ ಹೊಳೆಯಿತು. ಕೀಲಿಗೆ ಅಂಗಡಿಯ ಅಂಜುಮ್ ಒಂದು ಹಳೇ ಪೆಟ್ಟಿಗೆಯದು ಹುಡುಕಿ ತಂದಳು. ಅವಳಪ್ಪ ಹೋದ ಮೇಲೆ ಅಂಗಡಿ ಅವಳೇ ನಡೆಸುತ್ತಾಳೆ.

ರೆಕ್ಸಿನ್ ಎರಡು ಕಡೆ ಸೀಳಿತ್ತು. "ಅವ್ವಾ, ಈಗ ಹಳೇ ಸೂಟ್‌ಕೇಸಿಗೆಲ್ಲ ಕಾಗದದ ಹೂವು ಕತ್ತರಿಸಿ ಅಂಟಿಸ್ತಾರೆ, ನೋಡ್ರಿ" ಅಂತ ಫೋನಿನಲ್ಲಿ ತೋರಿಸಿದಳು. ಅದಕ್ಕೆ ಡಿಕೂಪಾಜೋ ಏನೋ ಅಂತ ಹೆಸರು. ನನ್ನ ಬಾಯಿಗೆ ಅದು ಹೊರಳಲಿಲ್ಲ. ಕಾಗದ ಅಂಟಿಸುವುದಕ್ಕೆ ಅಷ್ಟು ಉದ್ದದ ಹೆಸರು ಯಾಕೆ? ಬಣ್ಣ ಹೊಡೆದು ಮೇಲೆ ಗೋಂದು, ಗೋಂದಿನ ಮೇಲೆ ಕಾಗದ, ಕಾಗದದ ಮೇಲೆ ಮತ್ತೆ ಗೋಂದು, ಕೊನೆಗೆ ವಾರ್ನಿಷ್. ಅವಳು ತಂದ ಕಾಗದದಲ್ಲಿ ಎಲ್ಲಾ ಇಂಗ್ಲಿಷ್ ಹೂವು. "ಈ ಹೂವು ನಮ್ಮ ಕಡೆ ಯಾವ ಬೇಲಿಯಾಗೂ ಬಿಡಲ್ಲ, ತಗೊಂಡು ಹೋಗು" ಅಂದೆ.

ಯಾವ ತಾರೀಖು ಅಂತ ಬರೆ.

ದುರುಗಮ್ಮ


ದಾವಣಗೆರೆ
24-2-2025

ಭಾಗ್ಯಲಕ್ಷ್ಮಿಗೆ,

ಹತ್ತೊಂಬತ್ತು ದಿನ ಆಯಿತು, ಒಂದು ಗೆರೆ ಇಲ್ಲ. ಅಂಚೆಯವನ ದಾರಿ ಕಾದು ಕಾದು, ಇವತ್ತು ಅವನೇ ದೂರದಿಂದ ಕೈಯಾಡಿಸಿ ಇಲ್ಲ ಅಂದ. ಮದುವೆ ಸಡಗರದಲ್ಲಿ ಕೈಗೆ ಬಿಡುವಿಲ್ಲವೋ ಏನೋ.

ಸೂಟ್‌ಕೇಸು ಮುಗಿಯಿತು. ಏನೇನು ಮಾಡಿದ್ದೇನೆ ಅಂತ ಹೇಳುತ್ತೇನೆ, ಆಮೇಲೆ ಅದಿಲ್ಲ ಇದಿಲ್ಲ ಅನ್ನಬೇಡ.

ಒಳಗೆ ಹೊಸ ಬಟ್ಟೆ ಹಾಕಲಿಲ್ಲ. ನೀನು ಬಿಟ್ಟುಹೋದ ಜಂಪರ್ ಪೀಸುಗಳು ಒಂದು ಗಂಟು ಇದ್ದವು. ಒಂಬತ್ತು ವರ್ಷದಲ್ಲಿ ಅವರಿವರು ನಿನಗೆ ಉಡಿ ತುಂಬಿದಾಗ ಕೊಟ್ಟವು. ಸುಮ್ಮನೆ ಜಾಗ ಹಿಡಿದಿದ್ದವು. ಅಂಗೈಯಗಲ ಕತ್ತರಿಸಿ, ಕೌದಿಯ ಹಾಗೆ ಒಂದಕ್ಕೊಂದು ಕೂಡಿಸಿ, ರಟ್ಟಿಗೆ ಅಂಟಿಸಿ ಒಳಗೆ ಕೂರಿಸಿದ್ದೇನೆ. ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಅರಿಶಿನ ಕೊಂಬು ಇಟ್ಟು ಹೊಲಿದಿದ್ದೇನೆ. ಹುಳ ಬೀಳುವುದಿಲ್ಲ. ಬಿಚ್ಚಬೇಡ.

ಹೊರಗಿನ ಹೂವಿಗೆ ಸಿದ್ದೇಶ ಕೆಲಸಕ್ಕಿದ್ದ ಪ್ರೆಸ್ಸಿನಿಂದ ತಂದು ಅಟ್ಟದ ಮೇಲಿಟ್ಟಿದ್ದ ಲಗ್ನಪತ್ರಿಕೆಗಳೇ ಆದವು. ಮೂಲೆ ಹರಿದವು, ಅಚ್ಚು ಕೆಟ್ಟವು ಅಂತ ತರುತ್ತಿದ್ದನಲ್ಲ. ನೀರಲ್ಲಿ ನೆನೆಸಿ, ಹಿಂದಿನ ದಪ್ಪವನ್ನು ಬೆರಳಿಂದ ಉಜ್ಜಿ ಉಜ್ಜಿ ತೆಗೆದು, ಮೇಲಿನ ಪೊರೆ ಮಾತ್ರ ಉಳಿಸಿ, ಸಣ್ಣ ಕತ್ತರಿಯಲ್ಲಿ ಒಂದೊಂದೇ ಹೂವು ಬಿಡಿಸಿದೆ. ಮಾವಿನೆಲೆ, ಕಳಸ, ನವಿಲು, ಮಲ್ಲಿಗೆ ದಂಡೆ. ಅಟ್ಟ ಖಾಲಿಯಾಯಿತು.

ಮುಚ್ಚಳದ ಹೆಸರುಗಳಿಗೆ ಮೊದಲು ಉಪ್ಪುಕಾಗದ ಹಾಕಿದೆ. ಬೋರಣ್ಣನ ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಬಿಳಿ ಬಣ್ಣ ಎರಡು ಸಲ ಹೊಡೆದು ಮೇಲೆ ಹೂವು ಕೂರಿಸಿದೆ. "ಹೆಸ್ರು ಇರ್ಲಿ ಬಿಡ್ರಿ ಅವ್ವಾ, ಹಳೇದು ಅಂತ ಚಂದ ಕಾಣ್ತೈತೆ" ಅಂದಳು ಅಂಜುಮ್. "ನೀನಾಗಿದ್ರೆ ಮೊದ್ಲನೇ ಗಂಡನ ಹೆಸ್ರು ಹೊತ್ಕೊಂಡು ಎರಡನೇ ಗಂಡನ ಮನೆಗೆ ಹೋಗ್ತಿದ್ದೇನು?" ಅಂದೆ. ಹೊಸ ಮನೆಯಲ್ಲಿ ಯಾರೂ ಕೆದಕಿ ಕೇಳಬಾರದು. ಇನ್ನು ನಿನ್ನದು ಅಂತ ಈ ಮನೆಯಲ್ಲಿ ಏನೂ ಉಳಿದಿಲ್ಲ. ಅಶ್ವಥನಿಗೆ ಬಂದು ತೆಗೆದುಕೊಂಡು ಹೋಗಲು ಹೇಳು.

ದುರುಗಮ್ಮ


ಹರಿಹರ
4-3-2025

ಅತ್ತೆಯವರಿಗೆ ನಮಸ್ಕಾರ.

ಅಣ್ಣ ಸೂಟ್‌ಕೇಸು ತಂದ. ತುಂಬ ಚೆನ್ನಾಗಿದೆ. ಓಣಿಯವರೆಲ್ಲ ಬಂದು ನೋಡಿದರು. ಹೆಸರು ಎಲ್ಲಿತ್ತು ಎಂದು ಬೆರಳಾಡಿಸಿದೆ, ಎಲ್ಲೂ ತಡೆಯಲಿಲ್ಲ. ಅಷ್ಟು ನುಣುಪಾಗಿದೆ ನಿಮ್ಮ ಕೆಲಸ.

ಈ ಮನೆಯಲ್ಲಿ ನಿನ್ನದು ಏನೂ ಉಳಿದಿಲ್ಲ ಎಂದು ಬರೆದಿದ್ದೀರಿ. ಅರ್ಥವಾಯಿತು. ಅಣ್ಣನಿಗೆ ಹೂಂ ಎಂದೆ.

ಇದೇ ಹತ್ತೊಂಬತ್ತನೇ ತಾರೀಖು ಬುಧವಾರ ಸಾರಥಿಯ ಗುಡಿಯಲ್ಲಿ, ನಾಲ್ಕು ಜನರ ಮುಂದೆ. ನಿಮ್ಮನ್ನು ಕರೆಯುವ ಧೈರ್ಯ ನನಗಿಲ್ಲ.

ಮೊಣಕಾಲಿನ ಮಾತ್ರೆ ಬಿಡಬೇಡಿ.

ಭಾಗ್ಯಲಕ್ಷ್ಮಿ


ದಾವಣಗೆರೆ
19-3-2025

ಭಾಗ್ಯ,

ಈ ಹೊತ್ತಿಗೆ ಅಕ್ಷತೆ ಬಿದ್ದಿರಬೇಕು.

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬರುವುದರೊಳಗೆ ಇಳಿದೆ. ಎರಡನೇ ಮದುವೆಗೆ ಮೊದಲನೇ ಅತ್ತೆ, ಅದೂ ಹಣೆಯಲ್ಲಿ ಕುಂಕುಮವಿಲ್ಲದವಳು, ಎದುರಿಗೆ ಬಂದು ನಿಂತರೆ ಆ ಮನೆಯವರು ಏನಂದುಕೊಳ್ಳುತ್ತಾರೆ? ಮನೆಗೆ ನಡೆದುಕೊಂಡೇ ಬಂದೆ.

ಇನ್ನು ನಿನಗೆ ಹೇಳಬಹುದು. ನೀನು ಬೇರೆ ಮನೆಯವಳಾದೆ. ಹೇಳಿದರೆ ಎಲ್ಲಿ ಕರುಣೆಗೆ ಬಿದ್ದು ಇಲ್ಲಿ ಬಂದು ಕೂರುತ್ತೀಯೋ ಅನ್ನುವ ಭಯ ಇಲ್ಲ.

ಸಿದ್ದೇಶನನ್ನು ಅವತ್ತು ಕಳಿಸಿದವಳು ನೀನಲ್ಲ, ನಾನು. ಆನಗೋಡಿನ ಕುಬೇರಪ್ಪನ ಮನೆಯ ಪೆಟ್ಟಿಗೆ ರಿಪೇರಿ ಆಗಿತ್ತು. ಅವರ ಮನೆಯಲ್ಲಿ ಮಾರನೇ ದಿನ ಮದುವೆ. ಕೊಟ್ಟು ಬಾ ಅಂತ ನಾನೇ ಗಾಡಿಗೆ ಕಟ್ಟಿಸಿದೆ. ಬರುವಾಗ ಒಂದು ಮಾರು ಹೂವು ತರಲಿ ಅಂದದ್ದಷ್ಟೇ ನೀನು. ಅವನು ತಡ ಮಾಡಿದ. ನನಗೆ ತಡೆದುಕೊಳ್ಳುವ ಬುದ್ಧಿ ಯಾವತ್ತು ಇತ್ತು? ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಎತ್ತಿದ. ಗಾಡಿ ಓಡಿಸುತ್ತಲೇ ಎತ್ತಿದ. "ಬಂದೆ ಕಣವ್ವಾ, ಹೈವೇಲಿ ಇದೀನಿ" ಅಂದ. ಆಮೇಲೆ ಒಂದು ಸದ್ದು. ಆಮೇಲೆ ಬರೀ ಗಾಳಿ.

ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹನ್ನೊಂದನೇ ದಿನ ನಿನ್ನ ಕಡೆ ಬೆರಳು ತೋರಿಸಿದೆ. ನನ್ನ ಕಡೆ ಯಾರಾದರೂ ತೋರಿಸುವುದರೊಳಗೆ ತೋರಿಸಬೇಕಿತ್ತಲ್ಲ. ನಿನ್ನ ಜೊತೆ ಮಾತಾಡಬಾರದು ಅಂತ ಆಣೆ ಇಟ್ಟದ್ದೂ ಅದಕ್ಕೇ. ಮಾತಿಗೆ ಕೂತರೆ ಇದು ಬಾಯಿಗೆ ಬರುತ್ತಿತ್ತು.

ನಿನ್ನನ್ನು ವಾಪಸ್ ಕರೆಯಲು ನಾಲಿಗೆ ಬರಲಿಲ್ಲ. ಫೆಬ್ರವರಿಯ ಕಾಗದ ಮೂರು ಸಲ ಬರೆದೆ. ಮೊದಲಿನ ಎರಡರಲ್ಲಿ ಮಾಡಿಕೋಬೇಡ ಅಂತಲೇ ಬರೆದಿದ್ದೆ. ಯಾವ ಮುಖ ಇಟ್ಟುಕೊಂಡು ಹಾಗೆ ಹೇಳಲಿ? ನಿನ್ನ ಗಂಡನನ್ನು ಕಳೆದವಳೇ ನಿನ್ನ ಬಾಳನ್ನೂ ಕಳೆಯಲಾ? ಎರಡನ್ನೂ ಒಲೆಗೆ ಹಾಕಿ ಮೂರನೆಯದನ್ನು ಅಂಚೆ ಡಬ್ಬಿಗೆ ಹಾಕಿದೆ.

ಮಂಚದ ಮೇಲೆ ಬ್ಯಾಗು ಒಟ್ಟಿದ್ದು, ಖಾಲಿ ಮಂಚ ಕಣ್ಣಿಗೆ ಬೀಳದಿರಲಿ ಅಂತ.

ಅರಿಶಿನ ಕೊಂಬು ಹುಳಕ್ಕಲ್ಲ. ಗಂಡನಿಲ್ಲದವಳು ಉಡಿ ತುಂಬಬಾರದು ಅನ್ನುತ್ತಾರೆ. ಪೆಟ್ಟಿಗೆಗೆ ಬಟ್ಟೆ ಹಾಕಬಾರದು ಅಂತ ಯಾವ ಶಾಸ್ತ್ರದವರೂ ಹೇಳಿಲ್ಲ. ಅದು ನನ್ನ ಕಸುಬು. ಅಕ್ಕಿಯನ್ನೂ ಇಡಬೇಕು ಅಂತಿದ್ದೆ, ನುಸಿ ಆಗುತ್ತದೆ ಅಂತ ಬಿಟ್ಟೆ. ಜಂಪರ್ ಪೀಸು, ಐದು ಅರಿಶಿನ ಕೊಂಬು. ನಿನ್ನ ಉಡಿ ತುಂಬಿ ಕಳಿಸಿದ್ದೇನೆ, ಭಾಗ್ಯ. ಮಗಳನ್ನು ಕಳಿಸುವ ಹಾಗೆ.

ಚೆನ್ನಾಗಿರು. ಉತ್ತರ ಬೇಡ.

ದುರುಗಮ್ಮ


ಸಾರಥಿ
8-4-2025

ಅತ್ತೆ,

ಇನ್ನೂ ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಉತ್ತರ ಬೇಡ ಎಂದಿದ್ದೀರಿ. ಒಂಬತ್ತು ದಿನ ನಿಮ್ಮ ಮಾತು ಕೇಳಿದೆ. ಇವತ್ತು ಆಗಲಿಲ್ಲ. ನಿಮ್ಮ ಕಾಗದ ಹರಿಹರದ ಮನೆಗೆ ಬಂದಿತ್ತು, ಅಣ್ಣ ಯುಗಾದಿಗೆ ಬಂದಾಗ ತಂದುಕೊಟ್ಟ.

ನನಗೆ ಗೊತ್ತಿತ್ತು. ಪೊಲೀಸರು ನಿಮ್ಮ ಮಗನ ಫೋನನ್ನು ನನ್ನ ಕೈಗೇ ಕೊಟ್ಟರು. ಗಾಜು ಒಡೆದಿತ್ತು, ಆದರೆ ಬೆಳಕು ಬರುತ್ತಿತ್ತು. ಕೊನೆಯ ಕರೆ 'ಅವ್ವ'. ಅದಕ್ಕೂ ಮೊದಲು ಎರಡು ಸಲ 'ಅವ್ವ'. ಹನ್ನೊಂದನೇ ದಿನ ನೀವು ಬೆರಳು ತೋರಿಸಿದಾಗ ಆ ಫೋನು ನನ್ನ ಸೆರಗಿನ ಗಂಟಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ನಾಲ್ಕು ಜನ ನಿಮ್ಮ ಕಡೆ ತಿರುಗುತ್ತಿದ್ದರು. ನಿಮಗೆ ಇದ್ದವರು ಅವರೊಬ್ಬರೇ. ಬೈಯಲಿಕ್ಕಾದರೂ ನಾನು ಇರಲಿ ಎಂದುಕೊಂಡೆ. ಸಿಟ್ಟು ಇಳಿದ ಮೇಲೆ ಕರೆಯುತ್ತೀರಿ ಎಂದುಕೊಂಡೆ. ನಿಮ್ಮ ಸಿಟ್ಟು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಇಳಿಯುತ್ತದೆ ಎಂದು ಅವರು ಹೇಳುತ್ತಿದ್ದರು.

ಮೂರು ವರ್ಷ ಕಾದೆ. ಸಾರಥಿಯ ಮಾತು ಬಂದಾಗ ಭಯವಾಯಿತು. ಸುಮ್ಮನೆ ಬಂದು ಬಾಗಿಲಲ್ಲಿ ನಿಂತರೆ ಆಣೆ ಇಟ್ಟಿರುವ ನೀವು ಮುಖ ತಿರುಗಿಸುತ್ತೀರಿ. ಏನಾದರೊಂದು ನೆಪ ಬೇಕಿತ್ತು. ಹೊಳೆ ನೀರಿಗೆ ಸೂಟ್‌ಕೇಸು ಕೆಟ್ಟಿತ್ತು, ಆದರೆ ಬಟ್ಟೆ ಕೊಳೆತಿದ್ದಕ್ಕೆ ಯಾರು ದಾವಣಗೆರೆಗೆ ಕಳಿಸುತ್ತಾರೆ? ಹಿತ್ತಲಲ್ಲಿ ಕೂತು ಒರಳಿನ ಗುಂಡಿನಿಂದ ಕೀಲಿಗೆ ಹೊಡೆದೆ. ಒಂದೇ ಏಟಿಗೆ ಮುರಿಯಲಿಲ್ಲ. ನಾಲ್ಕು ಸಲ ಹೊಡೆಯಬೇಕಾಯಿತು. ಅತ್ತಿಗೆ ಬಂದು "ಹುಚ್ಚು ಹಿಡಿತೇನೇ ನಿಂಗೆ?" ಎಂದಳು.

ನೀವು ಕಾಗದ ಬರೆದಿರಿ. ನನಗೆ ಅಷ್ಟೇ ಸಾಕಾಗಿತ್ತು. ಹೋಗಬೇಕೆನಿಸುವ ಊರು ಒಂದೇ ಎಂದು ಬರೆದದ್ದು ನಿಮ್ಮ ಊರನ್ನೇ. ನಿಮ್ಮ ಮಾತಿಗೆ ಕಾಯುತ್ತೇನೆ ಎಂದರೆ, ನೀವು ಬೇಡ ಎಂದು ಗದರಿಸುತ್ತೀರಿ, ಬಾ ಎನ್ನುತ್ತೀರಿ ಎಂದು ಸೀರೆಗಳನ್ನು ಮಡಿಸಿ ಮಂಚದ ಮೇಲೆ ಇಟ್ಟುಕೊಂಡಿದ್ದೆ. ನಿಮ್ಮ ಕಾಗದದ ಮೊದಲ ಸಾಲು ಓದಿದೆ. ಮಡಿಸಿದ ಸೀರೆಗಳನ್ನು ಮತ್ತೆ ಬೀರುವಿಗೆ ಇಡಲು ಆಗಲಿಲ್ಲ. ಅತ್ತಿಗೆ ಇಟ್ಟಳು.

ಇಲ್ಲಿ ಎಲ್ಲರೂ ಒಳ್ಳೆಯವರು. ಯಜಮಾನರು ಹೆಚ್ಚು ಮಾತಾಡುವವರಲ್ಲ. ತನುಶ್ರೀ ಇನ್ನೂ ನನ್ನನ್ನು ಏನೆಂದೂ ಕರೆಯುವುದಿಲ್ಲ. ಆದರೆ ಸೂಟ್‌ಕೇಸು ಅವಳಿಗೆ ಬಹಳ ಇಷ್ಟ. ಮುಚ್ಚಳ ತೆಗೆದು ಒಳಗೆ ಕೂತುಕೊಳ್ಳುತ್ತಾಳೆ. "ಇದು ಯಾರ್ದು? ಇದು ಯಾರ್ದು?" ಎಂದು ಒಂದೊಂದು ತುಂಡಿನ ಮೇಲೂ ಬೆರಳಿಡುತ್ತಾಳೆ. ಹಳದಿಯದು ಓಬಕ್ಕನ ಮಗಳ ಸೀಮಂತದ್ದು, ಹಸಿರು ಬೋರಣ್ಣನ ಹೆಂಡತಿ ಗೌರಿ ಹಬ್ಬಕ್ಕೆ ಕೊಟ್ಟದ್ದು ಎಂದು ಹೇಳುತ್ತೇನೆ. ನಿನ್ನೆ ನಡುವಿನ ಕೆಂಪು ತುಂಡು ತೋರಿಸಿದಳು. ಅದು ನಾನು ಮೊದಲ ಸಲ ನಿಮ್ಮ ಹೊಸ್ತಿಲು ದಾಟಿದ ದಿನದ್ದು. ನೀವು ಒಳಗೆ ನಿಂತು ಓಬಕ್ಕನ ಕೈಯಿಂದ ಕೊಡಿಸಿದ್ದು. ಯಾರ್ದು ಎಂದು ಕೇಳಿದಳು. ಎದ್ದು ಒಲೆಯ ಹತ್ತಿರ ಹೋದೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬೇಡ ಎಂದು ಒಂದು ಸಲ ಬೈದುಬಿಟ್ಟಿದ್ದರೆ ಆಗಿತ್ತು, ಅತ್ತೆ. ಎಲ್ಲದಕ್ಕೂ ಬೈದಿರಿ, ಅದೊಂದಕ್ಕೆ ಬೈಯಲಿಲ್ಲ.

ಭಾಗ್ಯ


ದಾವಣಗೆರೆ
15-4-2025

ಭಾಗ್ಯ,

ಕೀಲು ಕಲ್ಲಿಂದ ಹೊಡೆದದ್ದು ಅಂತ ಮೊದಲ ದಿನವೇ ಬರೆದಿದ್ದೆ. ಕಣ್ಣಿಗೆ ಕಂಡಿತ್ತು. ಯಾಕೆ ಹೊಡೆದೆ ಅಂತ ಕೇಳಬೇಕಿತ್ತು, ಯಾಕೆ ಹೊಡೆದೆ ಅಂತ ಬೈದೆ. ಮೂವತ್ತು ವರ್ಷದ ಕಸುಬು ಅಂತ ಜಂಬ ಬೇರೆ.

ಫೋನಿನ ವಿಷಯ ಓದಿ ಎರಡು ದಿನ ಮಿಶಿನ್ ಮುಟ್ಟಲಿಲ್ಲ. ನೀನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದೆ, ನಾನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ತೆಗೆದು ನನ್ನ ಮುಖಕ್ಕೆ ಎಸೆಯಬೇಕಿತ್ತು. ಎಸೆಯುವವಳಾಗಿದ್ದರೆ ನೀನು ನೀನಾಗಿರುತ್ತಿರಲಿಲ್ಲ. ಅದೂ ಗೊತ್ತು.

ಇವತ್ತು ಮಂಗಳವಾರ. ದುಗ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿ, ಆಣೆ ವಾಪಸ್ ತೆಗೆದುಕೊಂಡೆ ತಾಯಿ, ತಪ್ಪಾಯಿತು ಅಂತ ಗಲ್ಲ ಬಡಿದುಕೊಂಡೆ. "ಏನ್ ತಪ್ಪವ್ವಾ?" ಅಂತ ಪೂಜಾರಿ ಕೇಳಿದ. "ಬಾಯಿ" ಅಂದೆ. "ಜಾಸ್ತಿ ಮಾತಾಡಿದ್ರೇನು?" ಅಂದ. "ಎಲ್ಲಾ ಆಡಿ, ಆಡಬೇಕಾದ್ದೊಂದು ಆಡ್ಲಿಲ್ಲ" ಅಂದೆ. ಅವನಿಗೇನು ತಿಳಿಯಿತೋ, ಎರಡು ಹೂವು ಹೆಚ್ಚಿಗೆ ಕೊಟ್ಟ.

ಮನೆಗೆ ಬಂದು ಮಂಚದ ಮೇಲಿನ ಬ್ಯಾಗುಗಳನ್ನು ಇಳಿಸಿದೆ. ಅಂಜುಮ್ ಬಂದು, "ಯಾರಾದ್ರೂ ಬರ್ತಾರೇನವ್ವಾ?" ಅಂದಳು. ಹೂಂ ಅಂದೆ.

ಇಪ್ಪತ್ತೇಳನೇ ತಾರೀಖು ಭಾನುವಾರ, ಮಗುವನ್ನು ಕರೆದುಕೊಂಡು ಬಾ.

ಬಾ ಅಂತ ಬರೆಯಲು ಒಂದೇ ಅಕ್ಷರ. ನಾಲ್ಕನೇ ಕ್ಲಾಸಿಗೆ ಬಿಟ್ಟವಳಿಗೂ ಬರುತ್ತಿತ್ತು.

ನಿನ್ನ ಯಜಮಾನರನ್ನು ಕೇಳಿಕೊಂಡು ಬಾ. ಹೋಳಿಗೆ ಮಾಡಲಾ, ಮಗುವಿಗೆ ಬೇರೆ ಏನಿಷ್ಟ ಅಂತ ಫೋನ್ ಮಾಡಿ ಹೇಳು. ಎತ್ತುತ್ತೇನೆ. ಊಟ ಮಾಡಿ ಒಂದಿಷ್ಟು ಹೊತ್ತು ಆ ಮಂಚದ ಮೇಲೆ ಅಡ್ಡಾಗು. ಐದರ ಬಸ್ಸಿಗೆ ನಾನೇ ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸುತ್ತೇನೆ.

ಸೂಟ್‌ಕೇಸು ತರಬೇಡ.

ದುರುಗಮ್ಮ